ಸೆನೆಮಳ ಅಳುವಿಗೆ ತಾಳ ಹಾಕಿದವನು

ಕಾಂಬೆರ್ ಉಸ್ತಾನ ಅಂಗಡಿ ಸಿವಾಸ್ ಪಟ್ಟಣದ ತಾಮ್ರಗಾರರ ಬೀದಿಯ ಕೊನೆಯಲ್ಲಿತ್ತು. ಒಳಗೆ ಕಾಲಿಟ್ಟರೆ ಹಿಪ್ಪುನೇರಳೆ ಮರದ ಹೊಟ್ಟು ಮೂಗಿಗೆ ಅಡರುತ್ತಿತ್ತು. ಗೋಡೆಯುದ್ದಕ್ಕೂ ಅರ್ಧ ಮುಗಿದ ತಂತಿವಾದ್ಯ ಸಾಜ್‌ಗಳು, ಕೆಲವಕ್ಕೆ ಕೊರಳಿಲ್ಲ, ಕೆಲವಕ್ಕೆ ತಂತಿಯಿಲ್ಲ. ಸಾಜ್ ಮಾಡುವುದರಲ್ಲೂ ನುಡಿಸುವುದರಲ್ಲೂ ಅವನಷ್ಟು ಕೈ ಪಳಗಿದವರು ಆ ಸೀಮೆಯಲ್ಲಿರಲಿಲ್ಲವಾದ್ದರಿಂದ ಜನ ಅವನನ್ನು ಉಸ್ತಾ ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಫಿದಾನ್ ಕೂಡ ಹಾಗೇ ಕರೆಯುತ್ತಿದ್ದಳು, ಆದರೆ ಅವಳ ಬಾಯಲ್ಲಿ ಅದು ಸಾಮಾನ್ಯವಾಗಿ ಬೈಗುಳವಾಗಿರುತ್ತಿತ್ತು.

ಅವನ ಅಪ್ಪ ಗೋಕ್‌ದೆರೆ ಹಳ್ಳಿಯಲ್ಲಿ ತಮ್ಮವರ ಪ್ರಾರ್ಥನಾ ಕೂಟಗಳಿಗೆ ಸಾಜ್ ನುಡಿಸುತ್ತಿದ್ದವನು. ಚೆರ್ರಿ ತೊಗಟೆಯ ಚೂರಿನಿಂದ ತಂತಿ ಮೀಟುವುದು ಆ ಮನೆತನಕ್ಕೆ ಗೊತ್ತಿಲ್ಲ. ಬರಿಗೈಯ ಐದು ಬೆರಳೇ ಬೇಕು. ವಾದ್ಯವನ್ನು ಕೈಗೆತ್ತಿಕೊಂಡಾಗ ಮೂರು ಸಲ ಮುತ್ತಿಟ್ಟು ಹಣೆಗೊತ್ತಿಕೊಳ್ಳಬೇಕು. ಕಾಂಬೆರ್ ಇದನ್ನೆಲ್ಲ ಚಾಚೂ ತಪ್ಪದೆ ಉಳಿಸಿಕೊಂಡ. ಆದರೆ ಅಪ್ಪನ ಸಾಜ್‌ಗೆ ಹನ್ನೆರಡೇ ಮೆಟ್ಟುಗಳಿದ್ದವು, ಕಾಂಬೆರ್ ಇಪ್ಪತ್ತಮೂರು ಕಟ್ಟಿದ. ಅಪ್ಪ ಒಂದೇ ದಿಮ್ಮಿಯನ್ನು ಬಗೆದು ಬುರುಡೆ ಮಾಡುತ್ತಿದ್ದ, ಕಾಂಬೆರ್ ತೆಳು ಪಟ್ಟಿಗಳನ್ನು ಬಾಗಿಸಿ ಅಂಟಿಸಿ ದೊಡ್ಡ ಬುರುಡೆ ಮಾಡಿದ. ಸ್ವರಲಿಪಿ ಬರೆಯುವುದನ್ನು ಪಟ್ಟಣದ ಶಾಲೆಯ ಮೇಷ್ಟರೊಬ್ಬರಿಂದ ಕಲಿತ. ಊರ ಹಿರಿಯರಿಗೆ ಇದು ಸರಿಬರಲಿಲ್ಲ.

"ನಿಮ್ಮಪ್ಪ ಹನ್ನೆರಡು ಮೆಟ್ಟಲ್ಲೇ ದೇವರನ್ನ ಕರೆದ. ನಿಂಗೆ ಇಪ್ಪತ್ತಮೂರು ಯಾತಕ್ಕಪ್ಪ? ದೇವರಿಗೇನು ಕಿವಿ ಮಂದ ಆಯ್ತಾ?" ಎಂದು ದೊಡ್ಡಪ್ಪನೊಬ್ಬ ತುಂಬಿದ ಕೂಟದಲ್ಲೇ ಚುಚ್ಚಿದ.

"ದೇವರಿಗೆ ಚೆನ್ನಾಗೇ ಕೇಳ್ತದೆ ದೊಡ್ಡಪ್ಪ. ಕೇಳ್ದೆ ಇರೋದು ಪಟ್ಟಣದೋರಿಗೆ," ಎಂದ ಕಾಂಬೆರ್.

ಪಟ್ಟಣದವರಿಗೆ ಕೇಳಿಸುವ ಅವಕಾಶವೂ ಅವನಿಗೆ ಬಂತು. ರೇಡಿಯೊ ನಿಲಯದವರು ಹಳ್ಳಿಹಾಡುಗಳನ್ನು ಸಂಗ್ರಹಿಸಿ ಇಪ್ಪತ್ತು ಮಂದಿಯ ಮೇಳದಲ್ಲಿ ಹಾಡಿಸಲು ಹೊರಟ ಕಾಲ ಅದು. ಕಾಂಬೆರ್‌ಗೆ ಅಲ್ಲೊಂದು ಕುರ್ಚಿ ಸಿಕ್ಕಿತು. ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ಅಲ್ಲಿ 'ಕಲಾವಿದರು', ಅವನು ಮಾತ್ರ 'ಪ್ರಾಂತೀಯ ಕಲಾವಿದ'. ಅವನಿಂದ ಬೆರಳಾಟ ಕಲಿಯುತ್ತಿದ್ದವರೆಲ್ಲ ಆ 'ಪ್ರಾಂತೀಯ'ನಿಗಿಂತ ಮೇಲಿನ ಸ್ಥಾನದಲ್ಲಿ ಕುಳಿತವರೇ. ಆ ಪದ ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆದರೂ ಸಹಿಸಿಕೊಂಡ. ಅಪ್ಪನ ಹಾಡುಗಳು ಅಪ್ಪನ ಜೊತೆಗೇ ಮಣ್ಣಾಗಬಾರದು ಎಂಬುದೊಂದೇ ಅವನ ಹಟವಾಗಿತ್ತು.

ಸೆನೆಮಳ ಹಾಡು ಅವನ ಕಿವಿಗೆ ಬಿದ್ದದ್ದು ಐವತ್ತೇಳನೆಯ ಇಸವಿಯ ವಸಂತದಲ್ಲಿ.

ಗೋಕ್‌ದೆರೆಯ ಮೇಲಿನ ಗುಡ್ಡದಲ್ಲಿ ಕ್ರೋಮ್ ಗಣಿಯಿತ್ತು. ಸೆನೆಮಳ ಗಂಡ ಮುರ್ಸೆಲ್ ಅಲ್ಲಿ ಕೆಲಸಕ್ಕಿದ್ದ. ಸುರಂಗದ ಮಾಡಿಗೆ ಆಸರೆ ಕೊಟ್ಟ ತೊಲೆಗಳು ಕೊಳೆತಿವೆ, ಬೆರಳು ಒತ್ತಿದರೆ ಬೆರಳು ಒಳಗೆ ಹೋಗುತ್ತದೆ ಎಂದು ಅವನು ಮೇಸ್ತ್ರಿಗೆ ಮೂರು ಸಲ ಹೇಳಿದ್ದ. ನಾಲ್ಕನೆಯ ಸಲ ಹೇಳಲು ಅವನು ಉಳಿಯಲಿಲ್ಲ. ಮಾಡು ಕುಸಿದು ಮೂವರು ಸತ್ತರು. ಸೆನೆಮ್‌ಗೆ ಆಗ ಇಪ್ಪತ್ತೇಳು ವರ್ಷ, ಮಗಳು ಗುಲ್‌ದಾನೆಗೆ ಏಳು.

ನಲವತ್ತನೆಯ ದಿನದ ಊಟಕ್ಕೆ ಕಾಂಬೆರ್ ಊರಿಗೆ ಹೋದ. ಹೆಂಗಸರ ನಡುವೆ ಕುಳಿತು ಸೆನೆಮ್ ಹಾಡಾಡಿಕೊಂಡು ಅಳುತ್ತಿದ್ದಳು. ಆ ಸೀಮೆಯ ಹೆಂಗಸರೆಲ್ಲ ಹಾಗೆ ಅಳುತ್ತಾರೆ. ಆದರೆ ಬೇರೆಯವರ ಅಳುವಿನಲ್ಲಿ ವಿಧಿ ಇರುತ್ತಿತ್ತು, ಹಾಳು ಲೋಕ ಇರುತ್ತಿತ್ತು. ಸೆನೆಮಳ ಅಳುವಿನಲ್ಲಿ ತೊಲೆ ಇತ್ತು.

ರೊಟ್ಟಿ ಬಿಸಿಯಿತ್ತು ಮುರ್ಸೆಲ್, ಹೊದಿಕೆ ತೆಗೆದಿರಲಿಲ್ಲ,
ತೊಲೆ ಕೊಳೆತಿತ್ತು ಮುರ್ಸೆಲ್, ಹೇಳಿದರೆ ಕೇಳಲಿಲ್ಲ,
ಕೇಳದ ಮೇಸ್ತ್ರಿಯ ಮನೆಯ ತೊಲೆ ಹೊಸದು, ಕೊಳೆತಿಲ್ಲ.

ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಸಾಲು ಮುಗಿಯುತ್ತಿತ್ತು. ಅದಕ್ಕೊಂದು ಲೆಕ್ಕವಿರಲಿಲ್ಲ. ಕಾಂಬೆರ್ ಊಟ ಮರೆತು ಗೋಡೆಯಾಚೆ ನಿಂತು ಕೇಳಿದ. ಅಂಥದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ, ರೇಡಿಯೊದಲ್ಲಿ ಕುರ್ಚಿ ಗಟ್ಟಿಯಾದಾಗ, ಅವನು ಸೆನೆಮಳ ಮನೆಬಾಗಿಲಿಗೆ ಹೋದ. ಆಕೆ ಒಣಹಿಪ್ಪುನೇರಳೆಯ ತಟ್ಟೆ ಮುಂದಿಟ್ಟಳು.

"ಸೆನೆಮ್ ಬಾಜಿ, ಆ ಹಾಡು ಕೊಡ್ತೀಯಾ? ರೇಡಿಯೊದಲ್ಲಿ ಹಾಡಿಸ್ತೀನಿ. ದೇಶಕ್ಕೆಲ್ಲ ಕೇಳ್ಲಿ."

ಬಾಜಿ ಎಂದರೆ ಅವರಲ್ಲಿ ಅಕ್ಕತಂಗಿ. ಸೆನೆಮ್ ತಟ್ಟೆಯನ್ನು ಅವನ ಕಡೆ ಇನ್ನಷ್ಟು ಸರಿಸಿದಳು. "ಅದೇನು ಹಾಡಾ ಕಾಂಬೆರಣ್ಣ? ನಾನು ಅತ್ತಿದ್ದು ಅದು."

"ಅತ್ತಿದ್ದೇ ಬೇಕು."

"ಹಂಗಾದ್ರೆ ತಗೋ. ಆದ್ರೆ ಮುರ್ಸೆಲ್ ಹೆಸರು ಬಿಡಬಾರ್ದು. ತೊಲೆ ಬಿಡಬಾರ್ದು. ನನ್ನ ಹೆಸರು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ನಿನ್ನ ಹೆಸರೂ ಹೇಳಿಸ್ತೀನಿ ಬಾಜಿ. ನನ್ನ ಮಾತು," ಎಂದು ಕಾಂಬೆರ್ ಎದೆ ಮುಟ್ಟಿಕೊಂಡ.

ಇಪ್ಪತ್ತು ಮಂದಿ ಒಟ್ಟಿಗೆ ಹಾಡಬೇಕೆಂದರೆ ಲೆಕ್ಕವಿಲ್ಲದ ಉಸಿರು ಸಾಲದು. ಕಾಂಬೆರ್ ಎರಡು ವಾರ ಅಂಗಡಿ ಬಾಗಿಲು ಮುಚ್ಚಿ ಕುಳಿತು ಆ ಅಳುವಿಗೆ ತಾಳ ಹಾಕಿದ. ಒಂಬತ್ತು ಮಾತ್ರೆಯ ನಿಧಾನದ ತಾಳ, ಭಾರ ಹೊತ್ತವನು ಗುಡ್ಡ ಹತ್ತುವಂಥದ್ದು. ಸಾಜ್‌ನ ಹೊಸ ಮೆಟ್ಟುಗಳಲ್ಲಿ ಮಾತ್ರ ಸಿಗುವ ಒಂದು ನಡುಸ್ವರವನ್ನು ಮೂರನೆಯ ಸಾಲಿನ ತುದಿಗೆ ಸೇರಿಸಿದ. ಮುಗಿಸಿದ ದಿನ ಫಿದಾನ್‌ಗೆ ನುಡಿಸಿ ತೋರಿಸಿದಾಗ ಆಕೆ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ತಾನು ಮಾಡಿದ ಕೆಲಸದ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಅಪ್ಪನ ಬೆರಳು, ತನ್ನ ಬುದ್ಧಿ, ಸೆನೆಮಳ ನೋವು ಮೂರೂ ಒಂದಾಗಿವೆ ಎಂದುಕೊಂಡ.

ರೇಡಿಯೊದ ಪರಿಶೀಲನಾ ಸಮಿತಿಗೆ ಮ್ಯುನೀರ್ ಬೇ ಅಧ್ಯಕ್ಷ. ಇಸ್ತ್ರಿಯ ಅಂಗಿ, ಚಿನ್ನದ ಕಟ್ಟಿನ ಕನ್ನಡಕ. ಹಳ್ಳಿಗೆ ಕಾಲಿಟ್ಟವನಲ್ಲ, ಹಳ್ಳಿಹಾಡಿನ ಬಗ್ಗೆ ಮೂರು ಪುಸ್ತಕ ಬರೆದವ. ಸಮಿತಿಯಿಂದ ಹಾಡು ವಾಪಸ್ ಬಂದಾಗ ಮುರ್ಸೆಲ್ ಇದ್ದ ಜಾಗದಲ್ಲೆಲ್ಲ 'ನಲ್ಲ' ಬಂದು ಕೂತಿದ್ದ.

ರೊಟ್ಟಿ ಬಿಸಿಯಿತ್ತು ನಲ್ಲ, ಹೊದಿಕೆ ತೆಗೆದಿರಲಿಲ್ಲ,
ದಾರಿ ದೂರವಿತ್ತು ನಲ್ಲ, ಕರೆದರೆ ಕೇಳಲಿಲ್ಲ.

ಮೂರನೆಯ ಸಾಲು ಇರಲೇ ಇಲ್ಲ. ಅವನು ಅಷ್ಟು ಕಷ್ಟಪಟ್ಟು ಹುಡುಕಿದ ನಡುಸ್ವರವೂ ಅದರ ಜೊತೆಗೇ ಹೋಗಿತ್ತು. ಕಾಗದದ ತಲೆಯಲ್ಲಿ ಹೀಗೆ ಟೈಪಾಗಿತ್ತು: ಪ್ರದೇಶ ಸಿವಾಸ್, ಕರ್ತೃ ಅಜ್ಞಾತ, ಸಂಗ್ರಹ ಮ್ಯುನೀರ್ ಬೇ.

ಕಾಂಬೆರ್ ಕಾಗದ ಹಿಡಿದು ಹೋಗಿ ಕೇಳಿದ. "ಈ ಸಲ ಹೋಗಲಿ ಬಿಡಿ ಉಸ್ತಾ, ಹಾಡಿನ ಪುಸ್ತಕದ ಮುಂದಿನ ಮುದ್ರಣದಲ್ಲಿ ನೋಡೋಣ," ಎಂದರು ಸಮಿತಿಯವರು. ಅವನು ಬಿಟ್ಟ. ಆ ಬಿಟ್ಟಿದ್ದೇ ಮುಂದೆ ಅವನನ್ನು ತಿಂದು ಹಾಕಿತು. ಮುಂದಿನ ಮುದ್ರಣ ಬಂತು, ಅದರ ಮುಂದಿನದೂ ಬಂತು. ಊರಿಗೆ ಹೋದಾಗಲೆಲ್ಲ ಸೆನೆಮಳ ಮನೆಯ ಓಣಿ ಬಿಟ್ಟು ಹೊಳೆಯ ಕಡೆಯಿಂದ ಸುತ್ತಿಕೊಂಡು ಹೋಗುವುದು ಅವನಿಗೆ ರೂಢಿಯಾಯಿತು. ನಾಲ್ಕು ಮಾತು ಜಗಳವಾಡಿದ್ದರೆ ಕುರ್ಚಿ ಹೋಗುತ್ತಿತ್ತು. ಕುರ್ಚಿ ಹೋದರೆ ಉಳಿದ ನೂರು ಹಾಡುಗಳ ಗತಿಯೇನು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಯಾವಳೋ ಪಟ್ಟಣದ ಗಾಯಕಿ ಆ ಎರಡು ಸಾಲು ಎತ್ತಿಕೊಂಡು, ಒಂಬತ್ತರ ತಾಳವನ್ನು ಮೂರು ಪಟ್ಟು ಓಡಿಸಿ, ಹಿಂದೆ ಡೋಲು ಹೊಡೆಸಿ ರೆಕಾರ್ಡು ಬಿಟ್ಟಳು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸೈನಿಕರನ್ನು ಬೀಳ್ಕೊಡುವ ರೈಲು ನಿಲ್ದಾಣದಲ್ಲಿ ಎಲ್ಲ ಕಡೆ ಅದೇ. ಕಾಲು ತಾನಾಗಿ ಕುಣಿಯುವಂತಿತ್ತು.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಗುಲ್‌ದಾನೆಯ ಮದುವೆ. ಗಂಡಿನ ಕಡೆಯವರು ಪಟ್ಟಣದವರು, ಒಳ್ಳೆಯ ಜನ, ಗೋಕ್‌ದೆರೆಯ ಕಥೆ ತಿಳಿಯದವರು. ಮದುವೆ ಅವರ ಅಂಗಳದಲ್ಲಿ, ಮಟಮಟ ಮಧ್ಯಾಹ್ನ. ಪಿಲಾಫ್ ಅನ್ನ, ಕುರಿಮಾಂಸ, ದೊಡ್ಡ ಹಂಡೆಯಲ್ಲಿ ಮಜ್ಜಿಗೆ. ಬಾಡಿಗೆಗೆ ಬಂದ ಬ್ಯಾಂಡಿನವನ ಸಾಜ್‌ಗೆ ವಿದ್ಯುತ್ ತಂತಿ ಸಿಕ್ಕಿಸಿತ್ತು. ಕಾಂಬೆರ್ ಗಡ್ಡ ತೀಡಿಕೊಂಡು ಒಂದು ಮೂಲೆಯಲ್ಲಿ ಕುಳಿತು ಆ ವಾದ್ಯದ ಕೊರಳು ಯಾಕೆ ಹಾಗೆ ಬಾಗಿದೆ ಎಂದು ನೋಡುತ್ತಿದ್ದ.

ಆಗ ಬ್ಯಾಂಡಿನವನು ರೊಟ್ಟಿಯ ಹಾಡು ಎತ್ತಿದ.

ಗಂಡಿನ ಕಡೆಯ ಹೆಂಗಸರು ಗಂಡಸರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಸಾಲುಗಟ್ಟಿದರು. ಮುಂದಿದ್ದವನು ಕರವಸ್ತ್ರ ಬೀಸಿದ. ಗೋಕ್‌ದೆರೆಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಲ್ಲೇ ಉಳಿದರು. ಗಂಡಿನ ಚಿಕ್ಕಮ್ಮ ನಗುನಗುತ್ತ ಬಂದು ಸೆನೆಮಳ ಕೈ ಹಿಡಿದೆಳೆದಳು: "ಬನ್ನಿ ಬೀಗಿತ್ತಿ, ಮಗಳ ಮದುವೇಲಿ ಕಾಲು ಕಟ್ಟಾಕ್ಕೊಂಡು ಕೂತ್ರೆ ಹೆಂಗೆ?"

ಸೆನೆಮ್ ಎದ್ದಳು. ಕೈ ಬಿಡಿಸಿಕೊಳ್ಳಲಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಒಂದು ಹೆಜ್ಜೆ ಮುಂದಿಟ್ಟಳು, ಒಂದು ಹೆಜ್ಜೆ ಹಿಂದಿಟ್ಟಳು. ಗಂಡ ಸತ್ತ ಹಾಡಿಗೆ ಹೆಂಡತಿ ಕುಣಿಯುತ್ತಿದ್ದಳು, ಅಪ್ಪ ಸತ್ತ ಹಾಡಿಗೆ ಮಗಳು ಮದುವಣಗಿತ್ತಿಯ ಮುಸುಕಿನೊಳಗೆ ತಲೆ ತಗ್ಗಿಸಿ ಕುಳಿತಿದ್ದಳು.

ಕಾಂಬೆರ್‌ಗೆ ಮುಂದೇನು ಮಾಡಿದೆನೆಂಬುದು ಸರಿಯಾಗಿ ನೆನಪಿಲ್ಲ. ನೋಡಿದವರು ಹೇಳಿದ್ದು, ಅವನು ಮೇಜು ಕುರ್ಚಿ ದಾಟಿಕೊಂಡು ಹೋಗಿ ಗೋಡೆಯಿಂದ ವಿದ್ಯುತ್ ತಂತಿ ಕಿತ್ತು ಹಾಕಿದ ಎಂದು. ಹಾಡು ಅರ್ಧಕ್ಕೆ ಸತ್ತಿತು. ಡೋಲಿನವನು ಇನ್ನೆರಡು ಪೆಟ್ಟು ಹೊಡೆದು ನಿಲ್ಲಿಸಿದ.

ಗಂಡಿನ ಸೋದರಮಾವ ಎದ್ದು ಬಂದ. "ಏನ್ ಉಸ್ತಾ ಇದು? ನಿಮ್ಮನ್ನ ನುಡಿಸೋಕೆ ಕರೀಲಿಲ್ಲ ಅಂತ ಹೊಟ್ಟೆಉರೀನಾ?"

"ಇದು ಸಾವಿನ ಹಾಡು."

"ಸಾವಿನ ಹಾಡಿಗೆ ಯಾರಾದ್ರೂ ಕುಣೀತಾರಾ?"

"ಅದನ್ನೇ ನಾನೂ ಕೇಳ್ತಿರೋದು."

"ಮದುವೆಮನೇಲಿ ಅಪಶಕುನ ಮಾತಾಡ್ಬೇಡಿ. ಕುಡಿದಿದೀರಾ?"

ಜನ ಸೇರಿದರು. ಅಷ್ಟರಲ್ಲಿ ಸೆನೆಮ್ ಎಲ್ಲರ ನಡುವೆ ದಾರಿ ಮಾಡಿಕೊಂಡು ಬಂದು ಕಾಂಬೆರನ ಎದುರು ನಿಂತಳು.

"ಆ ತಂತಿ ಸಿಕ್ಸು ಕಾಂಬೆರಣ್ಣ."

"ಬಾಜಿ, ಇದನ್ನ..."

"ಸಿಕ್ಸು ಅಂದೆ. ಇದು ನನ್ನ ಮಗಳ ಮದುವೆ. ನಿನ್ನ ಸಿಟ್ಟು ತೀರಿಸ್ಕೊಳ್ಳೋ ಜಾಗ ಅಲ್ಲ."

ಅವನು ಬಾಗಿ ತಂತಿ ಸಿಕ್ಕಿಸಿದ. ಬ್ಯಾಂಡಿನವನಿಗೆ ಸೆನೆಮ್ ಬೇರೆ ಏನಾದರೂ ಬಾರಿಸಪ್ಪ ಎಂದಳು, ಅವನು ಬಾರಿಸಿದ. ಆಮೇಲೆ ಅವಳು ದನಿ ತಗ್ಗಿಸಿ ಕಾಂಬೆರನಿಗೆ ಮಾತ್ರ ಕೇಳುವಂತೆ ಹೇಳಿದಳು: "ಇವತ್ತು ಕಿವಿಗೆ ಬಿತ್ತಾ ನಿಂಗೆ? ಎಂಟು ವರ್ಷದಿಂದ ಕೇಳ್ತಿದೀನಿ ನಾನು. ಹೊಳೆ ಕಡೆಯಿಂದ ಸುತ್ಕೊಂಡು ಹೋಗ್ತಿದ್ದೆಯಲ್ಲ, ಅದೂ ಕಾಣ್ತಿತ್ತು. ತಗೊಂಡು ಹೋದೋನು ನೀನು. ನೀನೇ ವಾಪಸ್ ತಾ."

ಮರುದಿನ ಬೆಳಗ್ಗೆಯೇ ಕಾಂಬೆರ್ ರೇಡಿಯೊ ನಿಲಯಕ್ಕೆ ಹೊರಟ. ಮ್ಯುನೀರ್ ಬೇ ಟೀ ತರಿಸಿದ. ಕಾಂಬೆರ್ ಮುಟ್ಟಲಿಲ್ಲ.

"ಆ ಹಾಡಿಗೆ ಕರ್ತೃ ಇದ್ದಾಳೆ. ಗೋಕ್‌ದೆರೆಯಲ್ಲಿ ಬದುಕಿದ್ದಾಳೆ. ಹೆಸರು ಸೆನೆಮ್. ನಿಮ್ಮ ಪುಸ್ತಕದಲ್ಲಿ ಅದನ್ನ ಬರೀರಿ. ತೆಗೆದ ಸಾಲು ವಾಪಸ್ ಹಾಕಿ."

ಮ್ಯುನೀರ್ ಬೇ ಕನ್ನಡಕ ಒರೆಸಿದ. "ನೋಡಿ ಕಾಂಬೆರ್ ಉಸ್ತಾ, ನೀವು ಕೈಯಲ್ಲಿ ಚೆನ್ನಾಗಿ ನುಡಿಸ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಶಾಸ್ತ್ರ ಬೇರೆ. ಜಾನಪದ ಅಂದ್ರೆ ಕರ್ತೃ ಇಲ್ಲದ್ದು. ಕರ್ತೃ ಇದ್ದಾಳೆ ಅಂತಾದ್ರೆ ಅದು ಜಾನಪದವೇ ಅಲ್ಲ. ನಮ್ಮ ವಿಭಾಗಕ್ಕೇ ಬರೋದಿಲ್ಲ."

"ಹಾಗಾದ್ರೆ ಅವಳು ಸಾಯೋ ತನಕ ಕಾಯ್ಬೇಕಾ?"

"ಸತ್ರೆ ಸಾಲದು. ಜನ ಅವಳನ್ನ ಮರೀಬೇಕು," ಎಂದ ಮ್ಯುನೀರ್ ಬೇ. ತಮಾಷೆಗೆ ಹೇಳಿದ್ದಲ್ಲ, ನಿಯಮವನ್ನು ವಿವರಿಸುವಂತೆ ಹೇಳಿದ.

"ತೊಲೆ ಯಾಕೆ ತೆಗೆದ್ರಿ?"

"ಗಣಿ, ತೊಲೆ, ಮೇಸ್ತ್ರಿ, ಇವೆಲ್ಲ ಹಾಡಾ? ಅದು ಅರ್ಜಿ. ಅರ್ಜಿ ಕೊಡೋಕೆ ಬೇರೆ ಕಚೇರಿಗಳಿವೆ."

"ಆ ಅರ್ಜಿಯನ್ನ ಅವಳ ಗಂಡ ಮೂರು ಸಲ ಕೊಟ್ಟ, ಮ್ಯುನೀರ್ ಬೇ. ಯಾವ ಕಚೇರೀನೂ ತಗೊಳ್ಳಲಿಲ್ಲ. ಅದಕ್ಕೇ ಅದು ಹಾಡಾಯ್ತು. ಜನ ಈಗ ಅದಕ್ಕೆ ಕುಣೀತಿದ್ದಾರೆ."

"ಕುಣಿಯೋಕೆ ತಾಳ ಬೇಕು. ಹಳ್ಳಿ ಹೆಂಗಸಿನ ಅಳುವಿಗೆ ತಾಳ ಎಲ್ಲಿತ್ತು? ಅದನ್ನ ಹಾಕಿದೋರು ಯಾರು ಉಸ್ತಾ? ನಾನಂತೂ ಅಲ್ಲ."

ಆ ಮನುಷ್ಯ ಹೇಳಿದ್ದರಲ್ಲಿ ಅದೊಂದು ಮಾತು ಸುಳ್ಳಾಗಿರಲಿಲ್ಲ. ಅದೇ ಕಾಂಬೆರನ ಮೈ ಉರಿಸಿತು. ಎದ್ದು ಹೊರಬಂದ. ಮೇಳದ ಕೋಣೆಗೆ ಹೋಗಿ ಗೋಡೆಯಲ್ಲಿ ನೇತಾಡುತ್ತಿದ್ದ ತನ್ನ ಸಾಜ್ ಇಳಿಸಿಕೊಂಡು, ಮೂರು ಸಲ ಮುತ್ತಿಟ್ಟು, ಚೀಲಕ್ಕೆ ಹಾಕಿಕೊಂಡು ಹೊರಟ. 'ಪ್ರಾಂತೀಯ ಕಲಾವಿದ' ಎಂಬ ಪಟ್ಟ ಅಂದಿಗೆ ಮುಗಿಯಿತು. ಫಿದಾನ್ ವಿಷಯ ಕೇಳಿ, "ಇದನ್ನ ಎಂಟು ವರ್ಷದ ಹಿಂದೆ ಮಾಡಿದ್ರೆ ನಾನೂ ತಲೆ ಎತ್ಕೊಂಡು ಊರಿಗೆ ಹೋಗ್ತಿದ್ದೆ ಉಸ್ತಾ," ಎಂದಳು. ಆಮೇಲೆ ಸೂಪಿಗೆ ಉಪ್ಪು ಸಾಕಾ ಎಂದು ಕೇಳಿದಳು.

ಅವನು ಸಕ್ಕರೆ ಮೂಟೆಯಷ್ಟು ತೂಕದ ಟೇಪ್ ರೆಕಾರ್ಡರ್ ಒಂದನ್ನು ಎರವಲು ತಂದು ಬಸ್ಸಿನ ಮಾಡಿಗೆ ಹಾಕಿಸಿ ಗೋಕ್‌ದೆರೆಗೆ ಹೊತ್ತೊಯ್ದ. ಈ ಸಲ ಓಣಿಯಲ್ಲೇ ನೇರ ನಡೆದ. ಸೆನೆಮ್ ಯಂತ್ರವನ್ನು ಸುತ್ತು ಹಾಕಿ ನೋಡಿದಳು.

"ಇದರ ಮುಂದೆ ಕೂತು ಅಳಬೇಕಾ ನಾನು? ನಾನೇನು ನಲ್ಲಿಯಾ, ತಿರುಗಿಸಿದ ತಕ್ಷಣ ಬರೋಕೆ?"

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಗ್ಗೆ ನೆರೆಯ ಹೆಂಗಸರೊಡನೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಯಾರಿಗೂ ಹೇಳದೆ ಅವಳು ಶುರು ಮಾಡಿದಳು. ಕಾಂಬೆರ್ ಯಂತ್ರ ಒತ್ತಿದ. ತಾನು ಸಾಜ್ ಮುಟ್ಟಲಿಲ್ಲ. ಟೇಪಿನಲ್ಲಿ ಮೊದಲು ಹಿಟ್ಟು ಬಡಿಯುವ ಸದ್ದು, ಆಮೇಲೆ ಅವಳ ದನಿ, ಮುರ್ಸೆಲ್, ತೊಲೆ, ಮೇಸ್ತ್ರಿಯ ಮನೆ. ತಾಳವಿರಲಿಲ್ಲ.

ರೆಕಾರ್ಡು ಮಾಡುವ ಕಂಪನಿಗಳ ಮೆಟ್ಟಿಲನ್ನು ಅವನು ಒಂದೊಂದಾಗಿ ಹತ್ತಿ ಇಳಿದ. "ಇದಕ್ಕೆ ಯಾರು ಕುಣೀತಾರೆ ಉಸ್ತಾ?" ಎಂದರು ಎಲ್ಲರೂ. ಕೊನೆಗೆ ಅವನೇ ಅಂಗಡಿಯಲ್ಲಿ ಕುಳಿತು ಟೇಪಿನಿಂದ ಟೇಪಿಗೆ ಇಳಿಸಿ, ಗಣಿಯ ಕೆಳಗಿನ ಕಾಫಿಯಂಗಡಿಗೆ ಒಂದು ಪ್ರತಿ ಕೊಟ್ಟು ಬಂದ. ಆ ಗಣಿ ಇನ್ನೂ ನಡೆಯುತ್ತಿತ್ತು. ತೊಲೆಗಳೂ ಇನ್ನೂ ಕೊಳೆಯುತ್ತಿದ್ದವು. ಒಂದು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಕೆಲಸಗಾರರು ಸುರಂಗದ ಬಾಯಲ್ಲೇ ಕುಳಿತುಬಿಟ್ಟರು. ತೊಲೆ ಬದಲಾಯಿಸದೆ ಇಳಿಯುವುದಿಲ್ಲ ಎಂದರು. ಕಾಫಿಯಂಗಡಿಯ ಯಂತ್ರವನ್ನು ಅಲ್ಲಿಗೇ ಎತ್ತಿ ತಂದು ಸೆನೆಮಳ ದನಿ ಹಾಕಿದರು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಆಗಿನ ಮೇಸ್ತ್ರಿ ಹಳೆಯ ಮೇಸ್ತ್ರಿಯ ಅಳಿಯ. ಅವನ ಕಿವಿಗೂ ಮೂರನೆಯ ಸಾಲು ಬಿತ್ತು.

ಸೈನ್ಯದ ಆಜ್ಞೆ ನಡೆಯುತ್ತಿದ್ದ ವರ್ಷ ಅದು. ಹಾಡಿನ ಮೇಲೆ ದೂರು ಹೋಯಿತು. ಟೇಪು ಎಲ್ಲಿಂದ ಬಂತೆಂದು ಹುಡುಕುತ್ತ ಪೊಲೀಸರು ತಾಮ್ರಗಾರರ ಬೀದಿಗೆ ಬಂದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದ: "ಈ ಹಾಡು ಕಟ್ಟಿದೋರು ಯಾರು?"

ಕಾಂಬೆರ್‌ಗೆ ಜೀವಮಾನದಲ್ಲಿ ಯಾವತ್ತೂ ಬಾಯಿಗೆ ಬಾರದ ಮಾತು ಅಂದು ಬಂತು. "ಜಾನಪದ ಸಾಹೇಬ್ರೆ. ಕರ್ತೃ ಅಜ್ಞಾತ. ಬೇಕಾದ್ರೆ ರೇಡಿಯೊದೋರು ಅಚ್ಚು ಹಾಕಿಸಿರೋ ಪುಸ್ತಕ ನೋಡಿ. ನೂರಾ ಹನ್ನೆರಡನೇ ಪುಟ."

ಇನ್‌ಸ್ಪೆಕ್ಟರ್ ಪುಸ್ತಕ ತರಿಸಿ ನೋಡಿದ. ಹಾಗೇ ಇತ್ತು. ಸರ್ಕಾರವೇ ಅಜ್ಞಾತ ಎಂದವರನ್ನು ಹಿಡಿದು ತರುವುದು ಹೇಗೆ? ಅವನು ಪೆನ್ನು ಕಚ್ಚಿಕೊಂಡು ಕುಳಿತ. ಇನ್ನರ್ಧ ಗಂಟೆಯಲ್ಲಿ ಬಿಟ್ಟುಬಿಡುತ್ತಾರೆ ಎಂದು ಕಾಂಬೆರ್ ಎಣಿಸುತ್ತಿದ್ದಂತೆ ಬಾಗಿಲಲ್ಲಿ ಸೆನೆಮ್ ಕಾಣಿಸಿದಳು. ಕಾಂಬೆರನನ್ನು ಒಯ್ದ ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದಿದ್ದಳು. ಕೈಯಲ್ಲಿ ಬಟ್ಟೆಗಂಟು ಇತ್ತು. ಒಳಗೆ ಬದಲಿ ಉಡುಪು, ರೊಟ್ಟಿ.

"ಹಾಡು ನಂದು," ಎಂದಳು.

"ಸಾಹೇಬ್ರೆ, ಈ ಹೆಂಗಸಿಗೆ ಏನೂ ಗೊತ್ತಿಲ್ಲ," ಎಂದು ಕಾಂಬೆರ್ ಎದ್ದು ನಿಂತ. "ಬಾಜಿ, ಮನೆಗೆ ನಡಿ ನೀನು. ಇಲ್ಲೆಲ್ಲ ಸರಿಹೋಗಿದೆ."

"ಏನು ಸರಿಹೋಗಿದೆ? ನನ್ನ ಬಾಯಿಂದ ಬಂದಿದ್ದು ನಂದಲ್ಲ ಅಂತ ಅವರು ಹೇಳಿದ್ರು, ಸುಮ್ನಿದ್ದೆ. ಈಗ ನೀನೂ ಹೇಳ್ತೀಯಾ?" ಎಂದು ಅವನ ಬಾಯಿ ಮುಚ್ಚಿಸಿ ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಬರ್ಕೊಳ್ಳಿ ಸಾಹೇಬ್ರೆ. ಮೂರೂ ಸಾಲು ಹೇಳ್ತೀನಿ. ಒಂದಕ್ಷರ ಬಿಡಬೇಡಿ."

ಟೈಪಿನ ಗುಮಾಸ್ತ ಕಟಕಟನೆ ಹೊಡೆದ: ಗೋಕ್‌ದೆರೆ ಗ್ರಾಮದ ದಿವಂಗತ ಮುರ್ಸೆಲ್‌ನ ಹೆಂಡತಿ ಸೆನೆಮ್, ವಯಸ್ಸು ನಲವತ್ತೊಂದು, ಸದರಿ ಹಾಡನ್ನು ತಾನೇ ಕಟ್ಟಿರುವುದಾಗಿ ಒಪ್ಪಿಕೊಂಡಿರುತ್ತಾಳೆ. ಅದರ ಕೆಳಗೆ ಹಾಡು ಪೂರ್ತಿ. ರೊಟ್ಟಿ, ಮುರ್ಸೆಲ್, ಕೊಳೆತ ತೊಲೆ, ಮೇಸ್ತ್ರಿಯ ಮನೆಯ ಹೊಸ ತೊಲೆ, ಎಲ್ಲ. ಹತ್ತು ವರ್ಷ ಯಾವ ಕಚೇರಿಗೂ ಸಿಗದಿದ್ದ ಕರ್ತೃ, ಜೈಲಿಗೆ ಹಾಕಲು ಬೇಕಾದಾಗ ಹತ್ತು ನಿಮಿಷದಲ್ಲಿ ಸಿಕ್ಕಿದ್ದಳು. ಗುಮಾಸ್ತ ಊರಿನ ಹೆಸರಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಸೆನೆಮ್ ಮತ್ತೆ ಹೊಡೆಸಿದಳು.

ಅವಳನ್ನು ಹತ್ತೊಂಬತ್ತು ದಿನ ಇಟ್ಟುಕೊಂಡರು. ಗಂಡ ಸತ್ತ ಹೆಂಗಸು ಅತ್ತಿದ್ದಕ್ಕೆ ಹತ್ತೊಂಬತ್ತು ದಿನ. ಮುರ್ಸೆಲ್ ಸತ್ತದ್ದಕ್ಕೆ ಯಾರನ್ನೂ ಒಂದು ದಿನ ಇಟ್ಟುಕೊಂಡಿರಲಿಲ್ಲ. ಕಾಂಬೆರ್ ದಿನವೂ ಜೈಲಿನ ಬಾಗಿಲಿಗೆ ಹೋಗಿ ಫಿದಾನ್ ಕಟ್ಟಿಕೊಟ್ಟ ಬುತ್ತಿ ಕೊಟ್ಟು ಬರುತ್ತಿದ್ದ, ಬಾಗಿಲಲ್ಲಿದ್ದ ಕಾವಲುಗಾರನಿಗೆ ದಿನವೂ ಇದೇ ಮಾತು ಹೇಳುತ್ತಿದ್ದ. ಕಾವಲುಗಾರ ಪಾಪದವನು, "ನಂಗೆ ಹೇಳಿ ಏನು ಪ್ರಯೋಜನ ಮಾವ," ಎನ್ನುತ್ತಿದ್ದ. ಕೊನೆಗೆ ಮೊಕದ್ದಮೆ ನಿಲ್ಲಲಿಲ್ಲ. ಸೆನೆಮ್ ಹೊರಬಂದಳು. ಅಷ್ಟರಲ್ಲಿ ಎರಡು ಸುರಂಗಕ್ಕೆ ಹೊಸ ತೊಲೆ ಬಿದ್ದಿತ್ತು. ಮೂರನೆಯದಕ್ಕೆ ಬಿದ್ದಿರಲಿಲ್ಲ.

ಕಾಂಬೆರ್ ವಕೀಲರ ಮೂಲಕ ಆ ಹೇಳಿಕೆಯ ನಕಲು ತೆಗೆಸಿದ. ಮುದ್ರೆ, ಸಹಿ, ದಿನಾಂಕ ಎಲ್ಲ ಇತ್ತು. ಅದನ್ನು ಹಿಡಿದು ಮೂರು ವರ್ಷದಲ್ಲಿ ಏಳು ಸಲ ರೇಡಿಯೊ ನಿಲಯಕ್ಕೆ ಹೋದ. ಆರು ಸಲ ಬಾಗಿಲಿನಿಂದಲೇ ಕಳಿಸಿದರು. ಏಳನೆಯ ಸಲಕ್ಕೆ ಮ್ಯುನೀರ್ ಬೇ ನಿವೃತ್ತನಾಗಿದ್ದ. ಹೊಸ ಅಧ್ಯಕ್ಷ ಕಾಗದವನ್ನು ಓದಿ, ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, "ಉಸ್ತಾ, ನಮ್ಮ ಪುಸ್ತಕದ ಯಾವ ಹಾಡಿಗೂ ಇಷ್ಟು ಗಟ್ಟಿ ಸಾಕ್ಷಿ ಇಲ್ಲ," ಎಂದ. ಮುಂದಿನ ಮುದ್ರಣದಲ್ಲಿ 'ಮೂಲ: ಗೋಕ್‌ದೆರೆಯ ಸೆನೆಮ್' ಎಂದು ಬಂತು. ಮುರ್ಸೆಲ್, ತೊಲೆ ಮತ್ತು ಮೂರನೆಯ ಸಾಲಿನ ವಿಷಯ 'ಪರಿಶೀಲನೆಯಲ್ಲಿದೆ' ಎಂದು ಪತ್ರ ಬಂತು. ಕಾಂಬೆರ್ ಆ ಪತ್ರವನ್ನು ಹರಿದು ಅಂಟು ಕಾಯಿಸುವ ಒಲೆಗೆ ಹಾಕಿದ.

ಅವನ ಕೈಯ ಬೆರಳಾಟದ ಹೆಸರು ಅಷ್ಟರಲ್ಲಿ ದೂರ ಹಬ್ಬಿತ್ತು. ಸಂಗೀತ ಕಾಲೇಜಿನ ಹುಡುಗ ಹುಡುಗಿಯರು ರಜೆಯಲ್ಲಿ ಅಂಗಡಿಗೆ ಬಂದು ಹೊಟ್ಟಿನ ನಡುವೆ ಕುಳಿತು ಕಲಿಯುತ್ತಿದ್ದರು. ಹೊಸ ಮೆಟ್ಟು, ಹೊಸ ಶ್ರುತಿ ಎಲ್ಲವನ್ನೂ ಅವನು ಧಾರಾಳವಾಗಿ ಹೇಳಿಕೊಡುತ್ತಿದ್ದ. ಒಂದೇ ಕಟ್ಟಳೆ: ಹಾಡು ಯಾರ ಬಾಯಿಂದ ಬಂದಿದ್ದು ಎಂದು ಹೇಳದೆ ತಂತಿ ಮುಟ್ಟಬಾರದು. ಹೆಸರು ಗೊತ್ತಿಲ್ಲದಿದ್ದರೆ ಆ ಊರಿಗೆ ಹೋಗಿ ಕೇಳಿಕೊಂಡು ಬರಬೇಕು. ಯಾರಾದರೂ 'ಅಜ್ಞಾತ' ಎಂದರೆ ಅವನು, "ನಿಂಗೆ ಗೊತ್ತಿಲ್ಲ ಅನ್ನು. ಅವಳಿಗೆ ತಾನು ಯಾರೂಂತ ಚೆನ್ನಾಗಿ ಗೊತ್ತು," ಎಂದು ಗದರುತ್ತಿದ್ದ.

ನಿಲ್‌ಗ್ಯುನ್ ಎಂಬ ಹುಡುಗಿಯೊಬ್ಬಳು ಕಾಲೇಜಿನಿಂದ ಬಂದವಳು ಸೆನೆಮಳ ಹಾಡು ಕಲಿಯಬೇಕೆಂದಳು. ತಾಳದೊಂದಿಗೋ ತಾಳವಿಲ್ಲದೆಯೋ ಎಂದು ಕೇಳಿದಳು. "ಅದನ್ನ ನನ್ನ ಕೇಳ್ಬೇಡ. ಅವಳನ್ನ ಕೇಳು," ಎಂದು ಕಾಂಬೆರ್ ಗೋಕ್‌ದೆರೆಯ ಬಸ್ಸು ತೋರಿಸಿದ. ಹುಡುಗಿ ಹೋದಳು. ಒಂದು ವಾರ ಸೆನೆಮಳ ಮನೆಯಲ್ಲೇ ಉಳಿದು ಹಿಟ್ಟು ನಾದಲು ಕಲಿತು ಬಂದಳು. ಬಂದವಳು ಸ್ವಲ್ಪ ಹಿಂಜರಿಯುತ್ತ, "ಇನ್ನೊಂದು ನುಡಿ ಇದೆ ಉಸ್ತಾ. ನಿಮಗೆ ಹಾಡಿ ತೋರಿಸು ಅಂದ್ರು," ಎಂದಳು.

ನನ್ನ ಅಳುವಿನ ಕಾಲಿಗೆ ಗೆಜ್ಜೆ ಕಟ್ಟಿದ ಉಸ್ತಾ,
ಕಟ್ಟುವಾಗ ಕೇಳಲಿಲ್ಲ, ಬಿಚ್ಚುವಾಗ ಬಂದೆಯಾ,
ಸತ್ತವನು ಕುಣಿಯಲಾರ, ನೀನೇ ಕುಣಿದು ತೋರಿಸಯ್ಯಾ.

ಕಾಂಬೆರನ ಕಿವಿ ಕೆಂಪಾದವು. ಮತ್ತೊಮ್ಮೆ ಹಾಡಿಸಿದ. ಇನ್ನೊಮ್ಮೆ ಹಾಡಿಸಿದ. "ಕೇಳಲಿಲ್ಲ ಅಂದ್ರೆ ಏನರ್ಥ? ಮನೆಬಾಗಿಲಿಗೆ ಹೋಗಿ ಕೇಳಿದ್ದೆನಲ್ಲ ನಾನು? ಹಿಪ್ಪುನೇರಳೆ ತಿಂದೆ ಅವಳ ಕೈಲಿ," ಎಂದು ಹುಡುಗಿಯ ಮೇಲೆ ಹರಿಹಾಯ್ದ.

"ಹಾಡು ಕೇಳಿದ್ರಿ ಉಸ್ತಾ. ತಾಳ ಹಾಕ್ಲಾ ಅಂತ ಕೇಳಿದ್ರಾ?" ಎಂದಳು ನಿಲ್‌ಗ್ಯುನ್.

ಕಾಂಬೆರ್ ಒಂದು ಮೆಟ್ಟಿನ ಗಂಟನ್ನು ಬಿಚ್ಚಿ ಕಟ್ಟಿ ಮಾಡಿದ. ಆಮೇಲೆ ಪೆನ್ಸಿಲ್ ತೆಗೆದು ಆ ನುಡಿಯನ್ನೂ ಸ್ವರಲಿಪಿಯಲ್ಲಿ ಬರೆದು, ತಲೆಯಲ್ಲಿ ಸೆನೆಮಳ ಹೆಸರು, ಊರು, ಇಸವಿ ಹಾಕಿದ. ಬಂದ ಶಿಷ್ಯರಿಗೆಲ್ಲ ಅದನ್ನೂ ಕಲಿಸಿದ, ಒಂದಕ್ಷರ ಬಿಡದೆ, ಪ್ರತಿ ಸಲವೂ ಮುಖ ಗಂಟಿಕ್ಕಿಕೊಂಡು. ಆದರೆ ಎರಡನೆಯ ಸಾಲು ಅವನಿಗೆ ಜೀರ್ಣವಾಗಲಿಲ್ಲ. ಮುಂದಿನ ಶುಕ್ರವಾರ ಅಂಗಡಿಗೆ ಬೀಗ ಜಡಿದು, ಆ ಸಾಲಿನ ಬಗ್ಗೆ ಸೆನೆಮಳ ಜೊತೆ ಜಗಳವಾಡಲೆಂದೇ ಗೋಕ್‌ದೆರೆಯ ಬಸ್ಸು ಹತ್ತಿದ.